ಕ್ಯಾಲಿಪರ್ ಹಿಂದಿರಲಿ ಮುಂದಿರಲಿ, ನಿಪ್ಪಲ್ ಮೇಲಿರಲಿ

ಬದಿಯಡ್ಕ ಸಮೀಪದ ಓದುಗರೊಬ್ಬರ ಪತ್ರ: "ನನ್ನ ಹಳೆಯ ಕಾರಿನ ಮುಂದಿನ ಚಕ್ರಗಳಲ್ಲಿ ಬ್ರೇಕ್ ಕ್ಯಾಲಿಪರ್ ಆಕ್ಸಲಿನ ಹಿಂಬದಿಗಿದೆ. ತಮ್ಮನ ಹೊಸ ಕಾರಿನಲ್ಲಿ ಮುಂಬದಿಗಿದೆ. ಮುಂದಿದ್ದರೆ ಗಾಳಿ ಚೆನ್ನಾಗಿ ತಾಗುತ್ತದೆ, ಗಾಡಿ ಬೇಗ ನಿಲ್ಲುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ನಿಜವೇ? ಕಳೆದ ತಿಂಗಳು ಎರಡೂ ಕ್ಯಾಲಿಪರ್ ಬಿಚ್ಚಿಸಿ, ತುಕ್ಕು ಕೆರೆಸಿ, ಬಣ್ಣ ಬಳಿಸಿದೆ. ಅಂದಿನಿಂದ ಪೆಡಲ್ ಮೆತ್ತಗಾಗಿದೆ. ಕ್ಯಾಲಿಪರಿನೊಳಗಿನ ಏರ್ ಹೊರಬಿಡುವ ನಿಪ್ಪಲ್ ಈಗ ಕೆಳಗಡೆ ಇರುವುದರಿಂದ ಏರ್ ತೆಗೆಯಲು ಸುಲಭ ಎಂದರು. ಎಷ್ಟು ತೆಗೆದರೂ ಸರಿಯಾಗಿಲ್ಲ. ಹಿಂದಿರುವ ಕ್ಯಾಲಿಪರಿನ ದೋಷವೇ ಇದು? ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೋಗಿ ಬರುವುದಿದೆ."

ಮಾನ್ಯರೇ,

ಹಿಂದೋ ಮುಂದೋ ಎಂಬ ಪ್ರಶ್ನೆ ನಿಮ್ಮನ್ನು ಬಹಳ ಕಾಡಿದಂತಿದೆ. ನನ್ನನ್ನು ಕಾಡಿದ್ದು ನೀವು ನಡುವೆ ತೇಲಿಸಿ ಹೇಳಿದ ನಿಪ್ಪಲಿನ ಮಾತು. ಅದಕ್ಕೆ ಬರುತ್ತೇನೆ, ಮೊದಲು ನೀವು ಕೇಳಿದ್ದು.

ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಗಡಿಯಾರದ ಮುಖವೆಂದುಕೊಳ್ಳಿ. ಅದರ ಎರಡೂ ಬದಿಗೆ ಪ್ಯಾಡುಗಳನ್ನು ಒತ್ತಿ ಹಿಡಿಯುವುದೇ ಕ್ಯಾಲಿಪರ್. ಪ್ಯಾಡುಗಳು ಅದನ್ನು ಮೂರು ಗಂಟೆಯ ಜಾಗದಲ್ಲಿ ಹಿಡಿದರೂ ಒಂಬತ್ತರ ಜಾಗದಲ್ಲಿ ಹಿಡಿದರೂ ಚಕ್ರ ತಡೆಯುವ ಬಲ ಒಂದೇ. ಅದನ್ನು ತೀರ್ಮಾನಿಸುವುದು ಪ್ಯಾಡಿನ ಮೇಲಿನ ಒತ್ತಡ, ಘರ್ಷಣೆ, ಮತ್ತು ಹಿಡಿದ ಜಾಗ ಚಕ್ರದ ನಡುವಿನಿಂದ ಎಷ್ಟು ದೂರವಿದೆ ಎಂಬುದು. ದೊಡ್ಡ ಡಿಸ್ಕಿಗೆ ಇರುವ ಬೆಲೆ ಈ ದೂರದ್ದು. ಅಮೆರಿಕದ ಬ್ಯುಯೆಲ್ ಕಂಪನಿ ತನ್ನ ಕೆಲವು ಬೈಕುಗಳಲ್ಲಿ ಡಿಸ್ಕನ್ನು ರಿಮ್ಮಿಗೇ ಜೋಡಿಸಿ, ಕ್ಯಾಲಿಪರ್ ಒಳಗಿನಿಂದ ಹಿಡಿಯುವಂತೆ ಮಾಡಿದ್ದೂ ಇದೇ ಆಸೆಗೆ.

ಹಾಗಾದರೆ ಒಬ್ಬರು ಹಿಂದಕ್ಕೂ ಇನ್ನೊಬ್ಬರು ಮುಂದಕ್ಕೂ ಇಡುವುದೇಕೆ? ಮುಂದಿನ ಚಕ್ರದಲ್ಲಿ ಹೆಚ್ಚಾಗಿ ಸ್ಟೀರಿಂಗಿನ ಕಾರಣಕ್ಕೆ. ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಸರಳು, ಅಂದರೆ ಟೈ ರಾಡ್, ಆಕ್ಸಲಿನ ಮುಂದೆ ಬಂದು ಸೇರಿದರೆ ಕ್ಯಾಲಿಪರಿಗೆ ಹಿಂದೆ ಜಾಗ. ಟೈ ರಾಡ್ ಹಿಂದಿದ್ದರೆ ಕ್ಯಾಲಿಪರ್ ಮುಂದೆ. ಎಂಜಿನ್ ಅಡ್ಡಲಾಗಿ ಕೂತ ಇಂದಿನ ಸಣ್ಣ ಕಾರುಗಳಲ್ಲಿ ಟೈ ರಾಡುಗಳನ್ನು ಎಳೆಯುವ ಸ್ಟೀರಿಂಗ್ ರ‍್ಯಾಕ್ ಸಾಮಾನ್ಯವಾಗಿ ಎಂಜಿನ್ನಿನ ಹಿಂದೆ ಹೋಗುತ್ತದೆ. ನಿಮ್ಮ ತಮ್ಮನ ಕಾರಿನ ರಹಸ್ಯ ಬಹುಶಃ ಇಷ್ಟೇ.

ಬೇರಿಂಗಿನ ಲೆಕ್ಕ ಮಾತ್ರ ಸ್ವಾರಸ್ಯದ್ದು, ಅಲ್ಲಿ ನಿಮ್ಮ ಹಳೆಯ ಕಾರಿಗೇ ಗೆಲುವು. ಗಾಡಿ ಮುಂದೆ ಓಡುವಾಗ ಡಿಸ್ಕಿನ ಹಿಂಬದಿ ಮೇಲಕ್ಕೇರುತ್ತದೆ, ಮುಂಬದಿ ಕೆಳಗಿಳಿಯುತ್ತದೆ. ಆದ್ದರಿಂದ ಹಿಂದಿರುವ ಕ್ಯಾಲಿಪರ್ ಹಿಡಿದಾಗ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ, ಮುಂದಿರುವುದು ಮೇಲಕ್ಕೆ ಎತ್ತುತ್ತದೆ. ನೆಲವೂ ಚಕ್ರವನ್ನು ಮೇಲಕ್ಕೇ ಒತ್ತುತ್ತಿರುತ್ತದೆಯಲ್ಲವೇ? ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಒಂದು ಮುಂಚಕ್ರದ ಮೇಲೆ 400 ಕಿಲೋ ಭಾರ ಬಿತ್ತು, ರಸ್ತೆ ಅದನ್ನು 320 ಕಿಲೋ ಬಲದಿಂದ ತಡೆಯಿತು ಎನ್ನೋಣ. ಟೈರಿನ ತ್ರಿಜ್ಯ 30 ಸೆಂಟಿಮೀಟರ್, ಪ್ಯಾಡ್ ಹಿಡಿಯುವುದು ನಡುವಿನಿಂದ 10 ಸೆಂಟಿಮೀಟರಿನಲ್ಲಿ ಎಂದಾದರೆ ಕ್ಯಾಲಿಪರಿನ ಬಲ ಮೂರು ಪಟ್ಟು, 960 ಕಿಲೋ. ಮುಂದಿದ್ದರೆ ಎರಡೂ ಕೂಡಿ ಬೇರಿಂಗಿನ ಮೇಲೆ ಲಂಬವಾಗಿ 1,360 ಕಿಲೋ. ಹಿಂದಿದ್ದರೆ ಕಳೆದು ಉಳಿಯುವುದು 560. ವಿನ್ಯಾಸಕಾರರು ಇದನ್ನು ಎಣಿಸಿಯೇ ಬೇರಿಂಗ್ ಆರಿಸುವುದರಿಂದ ತಮ್ಮನವರು ಗಾಬರಿಯಾಗಬೇಕಿಲ್ಲ.

ಇದೇ ಬಲ ಸೈಕಲ್ಲಿನಲ್ಲಿ ತಂಟೆ ಮಾಡಿದ್ದುಂಟು. ಡಿಸ್ಕ್ ಬ್ರೇಕಿನ ಸೈಕಲ್ಲುಗಳಲ್ಲಿ ಕ್ಯಾಲಿಪರ್ ಫೋರ್ಕಿನ ಹಿಂದಿರುತ್ತದೆ. ಬ್ರೇಕ್ ಹಿಡಿದಾಗ ಆಕ್ಸಲ್ ಕೆಳಕ್ಕೆ ಒತ್ತಲ್ಪಡುತ್ತದೆ, ಫೋರ್ಕಿನ ಬಾಯಿ ತೆರೆದಿರುವುದೂ ಕೆಳಕ್ಕೇ. ಚಕ್ರ ಕಳಚಿ ಬೀಳಬಹುದೆಂಬ ಚರ್ಚೆ 2003ರ ಸುಮಾರಿಗೆ ಜೋರಾಗಿ ನಡೆಯಿತು. ಫೋರ್ಕಿನ ತೂತಿನೊಳಗೇ ತೂರಿಸಿ ಬಿಗಿಯುವ ಆಕ್ಸಲ್ ಬಂದ ಮೇಲೆ ಆ ಭಯ ಹೋಯಿತು.

ಮೋಟಾರ್ ಸೈಕಲ್ಲಿನಲ್ಲಿ ಕ್ಯಾಲಿಪರನ್ನು ಫೋರ್ಕಿನ ಹಿಂದಕ್ಕೆ ತಂದದ್ದರ ಲಾಭ ಬೇರೆ: ಹ್ಯಾಂಡಲ್ ತಿರುಗುವ ಅಕ್ಷದ ಹತ್ತಿರಕ್ಕೆ ಭಾರ ಬಂದಷ್ಟೂ ತಿರುಗಿಸುವುದು ಹಗುರ.

ಗಾಳಿಯ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಅರೆಸತ್ಯ. ಎರಡು ಪದರದ ಡಿಸ್ಕ್ ನಡುವಿನಿಂದ ಗಾಳಿ ಎಳೆದುಕೊಂಡು ಅಂಚಿಗೆ ಎಸೆಯುತ್ತದೆ. ಕ್ಯಾಲಿಪರಿನ ಮುಖಕ್ಕೆ ಬಡಿಯುವ ಗಾಳಿಗಿಂತ ಈ ಗಾಳಿಯ ಕೆಲಸವೇ ಹೆಚ್ಚು.

ಇನ್ನು ನಿಪ್ಪಲ್. ಗಾಳಿಗುಳ್ಳೆ ಬ್ರೇಕ್ ಆಯಿಲಿನಲ್ಲಿ ಮೇಲಕ್ಕೇರುತ್ತದೆ, ಆದ್ದರಿಂದ ನಿಪ್ಪಲ್ ಕ್ಯಾಲಿಪರಿನ ನೆತ್ತಿಯಲ್ಲಿರಬೇಕು. ನಿಮ್ಮದು "ಈಗ" ಕೆಳಗಿದೆ ಎಂದರೆ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿದೆ. ಹಲವು ಕಾರುಗಳಲ್ಲಿ ಬೋಲ್ಟಿನ ತೂತುಗಳು ಸರಿಹೊಂದುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೆಳಗಿನಿಂದ ಎಷ್ಟು ಆಯಿಲ್ ಹರಿಸಿದರೂ ನೆತ್ತಿಯಲ್ಲಿ ಸಿಕ್ಕಿಬಿದ್ದ ಗಾಳಿ ಅಲ್ಲೇ ಇರುತ್ತದೆ. ಪೆಡಲ್ ಒತ್ತಿದಾಗ ಮೊದಲು ಕುಗ್ಗುವುದು ಅದು. ರೇಸ್ ಕಾರುಗಳಲ್ಲಿ ಭಾರ ತಗ್ಗಿಗೆ ತರಲೆಂದು ಕ್ಯಾಲಿಪರನ್ನು ಡಿಸ್ಕಿನ ತಳಕ್ಕೇ ಇಡುವವರಿದ್ದಾರೆ. ಏರ್ ತೆಗೆಯುವ ತಲೆನೋವಿಗೆ ಅವರ ಬಳಿ ಆಳುಗಳೂ ಇದ್ದಾರೆ.

ಎರಡನ್ನೂ ಬಿಚ್ಚಿಸಿ ಅದಲುಬದಲು ಮಾಡಿಸಿ. ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿಸಿ, ಹೋಸ್ ತಿರುಚಿಕೊಳ್ಳದಂತೆ ನೋಡಿ. ಪಿನ್ನುಗಳ ಮೇಲೆ ಕ್ಯಾಲಿಪರ್ ಕೈಯಲ್ಲಿ ತಳ್ಳಿದರೆ ಜಾರಬೇಕು. ಪ್ಯಾಡ್ ಜಾರುವ ತೋಡಿನಲ್ಲಿ ಬಣ್ಣ ಕೂತಿದ್ದರೆ ಕೆರೆಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಮುರಕಲ್ಲಿನ ಕೆಂಪು ಕೆಸರಿಗೂ ಈ ಪಿನ್ನುಗಳೇ ಮೊದಲ ಬಲಿ. ಬ್ರೇಕ್ ಆಯಿಲ್, ಸೀಲ್ ಒಡೆಯದ ಡಬ್ಬಿಯದ್ದೇ ಆಗಲಿ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ.

ಭಾಗಮಂಡಲದಿಂದ ಕರಿಕೆಗೆ ಇಳಿಯುವ ಘಾಟಿಯಲ್ಲಿ ಬ್ರೇಕ್ ಕಾಯುವುದು ಖಂಡಿತ. ಕಾದ ಆಯಿಲಿನಲ್ಲಿ ಆವಿಯಾದರೆ ಪೆಡಲ್ ನೆಲಕ್ಕೇ ಹೋಗುತ್ತದೆ. ಪೆಡಲ್ ಒಂದೇ ಒತ್ತಿಗೆ ಗಟ್ಟಿಯಾಗಿ ನಿಲ್ಲುವವರೆಗೆ ನೀವು ಈ ಕಾರನ್ನು ಬದಿಯಡ್ಕ ಪೇಟೆಗೂ ಒಯ್ಯಬೇಡಿ. ಭಾಗಮಂಡಲಕ್ಕೆ ತಮ್ಮನ ಕಾರು ಕೇಳಿ.

ಸಂಪಾದಕ