ಬೆಂಕಿ ಇಟ್ಟವನು ಜಡೆ ಹೆಣೆಯಬಾರದೇ?

ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯ ಕಥೆಯಲ್ಲಿ ಕೂಲಿಯವನ ಗುಡಿಸಲಿಗೆ ಬೆಂಕಿ ಇಟ್ಟ ಸಾಹುಕಾರ ಸಂಜೆ ಮನೆಗೆ ಬಂದು ಮಗಳಿಗೆ ಜಡೆ ಹೆಣೆಯುತ್ತಾನಲ್ಲ, ಅದು ನಿಮಗೆ ಸರಿಬಂದಿಲ್ಲ. 'ರಾಕ್ಷಸನಿಗೆ ಮನುಷ್ಯನ ಮುಖ ಯಾಕೆ? ಓದುಗ ಕ್ಷಮಿಸಿಬಿಡಲಿ ಅಂತಲಾ?' ಎಂದು ಕೇಳಿದ್ದೀರಿ. ಆ ಸಾಲುಗಳನ್ನು ತೆಗೆಯಲಾ ಅಂತ ಕಥೆಗಾರ್ತಿಯೇ ಕೇಳಿದ್ದರು. ಬೇಡ ಅಂದವನು ನಾನು, ಹಾಗಾಗಿ ಬೈಗುಳ ನನಗೇ ಸೇರಬೇಕು.

ನಮ್ಮೂರ ಟೆಂಟಿನಲ್ಲಿ ವಜ್ರಮುನಿ ತೆರೆಗೆ ಬಂದರೆ ಹೆಂಗಸರು ಶಾಪ ಹಾಕುತ್ತಿದ್ದರು. ಆ ಕಣ್ಣು, ಆ ದನಿ! ಹೆದರಿಕೆ ಆಗುತ್ತಿತ್ತು, ಜೊತೆಗೆ ಒಂಥರಾ ನೆಮ್ಮದಿಯೂ ಇತ್ತು. ಕೆಟ್ಟವನು ಅಲ್ಲಿದ್ದಾನೆ, ನಾವು ಇಲ್ಲಿ ನೆಲದ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೇವೆ. ನೀವು ಕೇಳುತ್ತಿರುವ ರಾಕ್ಷಸ ಅಂಥವನೇ ಅಲ್ವಾ? ಆದರೆ ನಾಗಚಂದ್ರ ಕವಿಯ ರಾಮಾಯಣದ ರಾವಣನನ್ನು ಪಾಠ ಮಾಡಿದವರು ನೀವು. ಸೀತೆಯ ಸಂಕಟ ನೋಡಿ ಅವನ ಮನಸ್ಸು ತಿರುಗುತ್ತದೆ, ಆದರೂ ಮೊದಲು ರಾಮನನ್ನು ಗೆದ್ದು ಆಮೇಲೆ ಒಪ್ಪಿಸುತ್ತೇನೆ ಅಂತ ಹಟ ಹಿಡಿಯುತ್ತಾನೆ. ತಪ್ಪು ಗೊತ್ತಾದ ಮೇಲೂ ಯುದ್ಧ ನಿಲ್ಲಲಿಲ್ಲ. ನನಗೆ ಹತ್ತು ತಲೆಗಿಂತ ಇದೇ ಜಾಸ್ತಿ ಭಯ.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಶುರು ಮಾಡಿದ. ಪಕ್ಕದ ಕೋಣೆಯವನು ಉತ್ತರ ತಪ್ಪಿದಾಗಲೆಲ್ಲ ಪ್ರಯೋಗಕ್ಕೆ ಬಂದವರು ಅವನಿಗೆ ಕರೆಂಟ್ ಹೊಡೆಸುವ ಒಂದು ಸ್ವಿಚ್ ಒತ್ತಬೇಕು. ಮೊದಲು 15 ವೋಲ್ಟ್, ಆಮೇಲೆ 30, 45, ಹೀಗೆ 30 ಸ್ವಿಚ್ಚು, ಕೊನೆಯದು 450. ಕರೆಂಟ್ ಸುಳ್ಳು, ಆದರೆ ಒತ್ತುವವನಿಗೆ ಅದನ್ನು ಹೇಳಿರಲಿಲ್ಲ. 300ಕ್ಕೆ ಗೋಡೆ ಬಡಿಯುವ ಸದ್ದು. ಒತ್ತುವವರು ಬೆವರಿದರು, ನಡುಗಿದರು, ಕೆಲವರು ಸುಮ್ಸುಮ್ನೆ ನಕ್ಕರು. ಪ್ರಯೋಗ ನಡೆಸುತ್ತಿದ್ದ ಬೂದು ಕೋಟಿನವನು ಮುಂದುವರಿಸಿ ಅಂದ. 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ ತನಕ ಹೋದರು. ಈ ಪ್ರಯೋಗದ ಮೇಲೆ ಆಕ್ಷೇಪಗಳಿವೆ, ನಾಟಕ ಎಂದು ಹಲವರಿಗೆ ಅನುಮಾನ ಬಂದಿತ್ತು ಅಂತಲೂ ಹೇಳುತ್ತಾರೆ. ನನ್ನನ್ನು ಕಾಡುವುದು ಆ 15 ವೋಲ್ಟಿನ ಅಂತರ. ಮೊದಲೇ 450 ಒತ್ತು ಅಂದಿದ್ದರೆ ಎಷ್ಟು ಜನ ಒತ್ತುತ್ತಿದ್ದರು? ಇನ್ನೊಂದು ಸುತ್ತಿನಲ್ಲಿ ಜೊತೆಗೆ ಕೂತ ಇಬ್ಬರು ನಮ್ಮಿಂದಾಗದು ಅಂತ ಎದ್ದುಬಿಟ್ಟರು. ಆಗ ಕೊನೆ ತನಕ ಹೋದವರು 40ಕ್ಕೆ 4 ಜನ ಮಾತ್ರ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ನನ್ನದೂ ಒಂದಿದೆ. ಹಾಸ್ಟೆಲಿನಲ್ಲಿ ಹೊಸ ಹುಡುಗನೊಬ್ಬನಿಂದ ಮೊದಲ ದಿನ ಹಾಡು ಹೇಳಿಸಿದರು. ನಕ್ಕೆವು. ಮರುದಿನ ಬಸ್ಕಿ. ವಾರದ ಮೇಲೆ ಒಂದು ರಾತ್ರಿ ಮಳೆಯಲ್ಲಿ ಬರಿಮೈಯಲ್ಲಿ ತಾರಸಿ ಮೇಲೆ ನಿಲ್ಲಿಸಿದರು. ನಾನು ಏನೂ ಮಾಡಲಿಲ್ಲ, ಸುಮ್ನೆ ಟಾರ್ಚ್ ಹಿಡಿದಿದ್ದೆ. ಆಮೇಲೆ ರೂಮಿಗೆ ಬಂದು, ತಲೆ ಒರೆಸಿಕೊಂಡು, ತಂಗಿಗೆ ಜ್ವರ ಇಳಿಯಿತಾ ಅಂತ ಅಮ್ಮನಿಗೆ ಕಾಗದ ಬರೆದೆ.

ಕಥೆಯಲ್ಲಿ ಸಾಹುಕಾರನನ್ನು ಯಾರೂ ಕ್ಷಮಿಸಿಲ್ಲ ಮೇಷ್ಟ್ರೇ. ಜಡೆ ಹಾಕಿಸಿಕೊಳ್ಳುತ್ತಾ ಮಗಳು 'ಅಪ್ಪಾ, ಕೈ ಸೀಮೆಎಣ್ಣೆ ವಾಸನೆ' ಅನ್ನುತ್ತಾಳೆ, ನೋಡಿ. ಆದರೆ ಸಾಹುಕಾರನಿಗೆ ಎರಡು ಪುಟ, ಗುಡಿಸಲು ಕಳೆದುಕೊಂಡ ಹೆಂಗಸಿಗೆ ಒಂದು ಮಾತೂ ಇಲ್ಲ ಅಂತ ಕಾಗದದ ಕೊನೆಗೆ ಬರೆದಿದ್ದೀರಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅಚ್ಚಿಗೆ ಕಳಿಸುವ ಮೊದಲು ನಾಲ್ಕು ಸಲ ಓದಿದ್ದೆ, ಅವಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಸಂಪಾದಕ