ಮಾವನ ಟ್ರಂಕಿನ ಡಾರ್ತ್ ವೇಡರ್‌ಗೆ ಎಷ್ಟು ಬೆಲೆ?

ಪ್ರಶ್ನೆ: ನಮ್ಮ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. ಅವರ ಹಳೆ ಟ್ರಂಕಿನಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಖಳನಾಯಕ ಡಾರ್ತ್ ವೇಡರ್‌ನ ಗೊಂಬೆ ಸಿಕ್ಕಿದೆ. ನಾಲ್ಕು ಇಂಚಿನದು, ಡಬ್ಬಿ ಇಲ್ಲ. ಕಾಲಿನ ಮೇಲೆ 1977 ಅಂತ ಇದೆ. ನೆಟ್‌ನಲ್ಲಿ ಹುಡುಕಿದರೆ ಲಕ್ಷಗಟ್ಟಲೆ ಬೆಲೆ ತೋರಿಸುತ್ತದೆ, ಚೋರ್ ಬಜಾರಿನವನು ಮುನ್ನೂರು ರೂಪಾಯಿ ಅಂದ. ಯಾರನ್ನು ನಂಬೋದು ಸರ್? ತೊಳೆದು ಹೊಳಪು ಬರಿಸಿ ಮಾರಲಾ?
– ಓದುಗರು, ಡೊಂಬಿವಲಿ

ಉತ್ತರ: ಇಬ್ಬರನ್ನೂ ನಂಬಬೇಡಿ. ನೆಟ್‌ನಲ್ಲಿ ಕಾಣುವ ಲಕ್ಷ ಅನ್ನೋದು ಮಾರುವವನ ಆಸೆ, ಅಷ್ಟೇ. ನಿಮ್ಮ ಡೊಂಬಿವಲಿಯಲ್ಲೇ ಫ್ಲ್ಯಾಟಿಗೆ ಏಜೆಂಟ್ ಹೇಳುವ ರೇಟು ಬೇರೆ, ಕೊನೆಗೆ ವ್ಯವಹಾರ ಮುಗಿಯುವ ರೇಟು ಬೇರೆ, ಅಲ್ವಾ? ಇಬೇ ಅನ್ನೋ ಮಾರಾಟದ ವೆಬ್‌ಸೈಟಿನಲ್ಲಿ ಮಾರಾಟವಾಗಿ ಹೋದ ವಸ್ತುಗಳನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ. ಅದನ್ನು ಹಾಕಿ, ಡಬ್ಬಿ ಇಲ್ಲದ ವೇಡರ್‌ಗಳನ್ನಷ್ಟೇ ನೋಡಿ. ಅಲ್ಲಿ ಕಾಣೋದು ನಿಜವಾಗಿ ಯಾರೋ ಕೊಟ್ಟ ದುಡ್ಡು.

ಈಗ ಗೊಂಬೆಗೆ ಬರೋಣ. ಅದು 1977ರಲ್ಲೇ ತಯಾರಾದದ್ದು ಅಂತ ತಿಳಿಯಬೇಡಿ. ಕಾಲಿನ ಮೇಲಿರೋದು ಕಾಪಿರೈಟ್ ವರ್ಷ. ಸಿನಿಮಾ ಬಂದದ್ದು 1977ರ ಮೇ ತಿಂಗಳಲ್ಲಿ. ಅಮೆರಿಕದ ಕೆನ್ನರ್ ಕಂಪನಿಗೆ ಆ ಕ್ರಿಸ್‌ಮಸ್‌ಗೆ ಗೊಂಬೆಗಳನ್ನು ಒದಗಿಸಲು ಆಗಲೇ ಇಲ್ಲ, ಹಾಗಾಗಿ ಮಕ್ಕಳಿಗೆ ರಟ್ಟಿನ ಲಕೋಟೆಯಲ್ಲಿ ಒಂದು ಸರ್ಟಿಫಿಕೇಟ್ ಮಾರಿ, ಗೊಂಬೆಗಳನ್ನು ಮುಂದಿನ ವರ್ಷ ಅಂಚೆಯಲ್ಲಿ ಕಳಿಸಿತು. ಗೊಂಬೆಯೇ ಇಲ್ಲದ ಲಕೋಟೆಯನ್ನೂ ಜನ ದುಡ್ಡು ಕೊಟ್ಟು ಕೊಂಡರು ನೋಡಿ! ಆಮೇಲೆ 1985ರವರೆಗೆ ವೇಡರ್ ಮಾರುಕಟ್ಟೆಯಲ್ಲಿದ್ದ, ಕಾಲಿನ ಮೇಲೆ ಮಾತ್ರ ಅದೇ 1977. ಈ ಸಾಲಿನ ಗೊಂಬೆಗಳು ಕೋಟಿಗಟ್ಟಲೆ ಮಾರಾಟವಾಗಿವೆ. ಡಬ್ಬಿ ಇಲ್ಲದ ವೇಡರ್ ಅಪರೂಪವೇನಲ್ಲ.

ಮೊದಲು ಭೂತಗನ್ನಡಿ ಹಿಡಿದು ಕಾಲಿನ ಹಿಂಬದಿ ನೋಡಿ. ವರ್ಷದ ಜೊತೆ ಇಂಗ್ಲಿಷಿನಲ್ಲಿ ಜಿ.ಎಂ.ಎಫ್.ಜಿ.ಐ. ಅಂತ ಇದೆಯಾ? ಅದು ಜನರಲ್ ಮಿಲ್ಸ್ ಫನ್ ಗ್ರೂಪ್. ಹೌದು, ಬೆಳಗಿನ ತಿಂಡಿಯ ಸೀರಿಯಲ್ ಮಾಡುವ ಕಂಪನಿಯೇ, ಕೆನ್ನರ್ ಆಗ ಅದರ ಕೈಯಲ್ಲಿತ್ತು. ಹಾಂಗ್‌ಕಾಂಗ್ ಅಂತಲೂ ಇದ್ದರೆ ಒಳ್ಳೆಯ ಗುರುತು. 2019ರಲ್ಲಿ ಹ್ಯಾಸ್ಬ್ರೊ ಕಂಪನಿ ಹಳೆಯದರ ಹಾಗೇ ಕಾಣುವ ವೇಡರ್ ತಂದಿತು, ಅದರ ರಟ್ಟಿನ ಮೇಲೂ ಕೆನ್ನರ್ ಲೋಗೋ ಇದೆ. ಆದ್ದರಿಂದ ಲೋಗೋ ನೋಡಿ ಕುಣಿಯಬೇಡಿ, ಕಾಲು ನೋಡಿ.

ಆಮೇಲೆ ಕತ್ತಿ. ವೇಡರ್‌ನ ಬಲಗೈ ಒಳಗೆ ಕೆಂಪು ಕತ್ತಿ ಅಡಗಿರುತ್ತದೆ, ಹಿಡಿ ತಳ್ಳಿದರೆ ಹೊರಗೆ ಬರುತ್ತದೆ. ಅದರ ತುದಿ ಕೂದಲಿನಷ್ಟು ಸಣ್ಣ. ಮುರಿಯೋದು ಮೊದಲು ಅದೇ. ತುದಿ ಪೂರ್ತಿ ಇದೆಯೋ, ಯಾರಾದರೂ ಕತ್ತರಿಸಿ ನೇರ ಮಾಡಿದ್ದಾರೋ ನೋಡಿ. ಕಪ್ಪು ವಿನೈಲ್ ಹೊದಿಕೆ ತೋಳಿನ ತೂತುಗಳ ಹತ್ತಿರ ಹರಿಯುತ್ತದೆ. ಈ ಎರಡಕ್ಕೂ ಈಗಿನ ಕಾಲದ ನಕಲಿ ಧಾರಾಳವಾಗಿ ಸಿಗುತ್ತದೆ, ಹೊಳಪು ಮತ್ತು ದಪ್ಪ ಬೇರೆ ಇರುತ್ತದೆ. ನಕಲಿ ಹಾಕಿದ್ದರೆ ತಪ್ಪೇನಿಲ್ಲ, ಹೇಳದೆ ಮಾರೋದು ತಪ್ಪು. ಕತ್ತಿಯ ಒಳಗಿಂದ ಇನ್ನೊಂದು ತೆಳ್ಳಗಿನ ಕತ್ತಿ ಹೊರಬಂದರೆ ಮಾತ್ರ ಕೆಲಸ ನಿಲ್ಲಿಸಿ, ಯಾರಿಗೂ ಕೊಡಬೇಡಿ. ತೀರಾ ಮೊದಲ ಕೆಲವೇ ಗೊಂಬೆಗಳಿಗೆ ಹೀಗಿತ್ತು, ಲಕ್ಷದ ಮಾತು ಬರೋದು ಅಲ್ಲೇ. ಅದಕ್ಕೇ ಅದರ ನಕಲಿಯೂ ಜಾಸ್ತಿ. ಅಂಥದ್ದಿದ್ದರೆ ಅಮೆರಿಕದ ಎ.ಎಫ್.ಎ. ತರಹದ, ಗೊಂಬೆಯ ಅಸಲಿತನ ಮತ್ತು ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಸಂಸ್ಥೆಗೆ ಕಳಿಸಬಹುದು. ಮಾಮೂಲಿ ವೇಡರ್‌ಗೆ ಆ ಖರ್ಚು ದಂಡ.

ಕೊನೆಗೆ ಕೈಕಾಲು. ಐದು ಕಡೆ ಮಾತ್ರ ತಿರುಗುತ್ತದೆ: ತಲೆ, ಎರಡು ಕೈ, ಎರಡು ಕಾಲು. ಸಡಿಲ ಇಲ್ಲದೆ ತಾನೇ ನಿಂತರೆ ಒಳ್ಳೆಯದು. ಎಲ್ಲ ಸರಿಯಿದ್ದರೆ ಕೆಲವು ಸಾವಿರಕ್ಕೆ ಹೋಗಬಹುದು. ಕತ್ತಿ, ಹೊದಿಕೆ ಇಲ್ಲದಿದ್ದರೆ ಬೆಲೆ ಭಾರೀ ಬೀಳುತ್ತದೆ, ಆಗ ಚೋರ್ ಬಜಾರಿನವನು ಹೇಳಿದ್ದು ಅಷ್ಟೇನೂ ಅನ್ಯಾಯ ಅಲ್ಲ.

ಹೊಳಪು ಬರಿಸೋದು ಬೇಡವೇ ಬೇಡ. ಹೊದಿಕೆ ತೆಗೆದಿಟ್ಟು, ಮೈಯನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಾಕು. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ. ಮುಂಬಯಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡಿ. ಬಿಸಿಲು ಬೀಳುವ ಶೋಕೇಸ್ ಬೇಡ.

ಪ್ರಶ್ನೆ: ಮಗ ಹೊಸ ಸೈ-ಫೈ ಫಿಗರ್ ಕೊಂಡು ಸೀಲ್ ಒಡೆಯದೆ ಇಟ್ಟಿದ್ದಾನೆ. ಡಬ್ಬಿಯ ಮೇಲೆ ಲಿಮಿಟೆಡ್ ಎಡಿಶನ್ ಅಂತಿದೆ. ಇಪ್ಪತ್ತು ವರ್ಷದಲ್ಲಿ ಸೈಟಿನ ಬೆಲೆ ಬರುತ್ತೆ ಅಂತಾನೆ. ಹೌದಾ?
– ಓದುಗರು, ಪಿಂಪ್ರಿ, ಪುಣೆ

ಉತ್ತರ: ಎಷ್ಟು ತಯಾರಿಸಿದ್ದಾರೆ ಅಂತ ಸಂಖ್ಯೆ ಹಾಕಿದ್ದಾರಾ? ಇಲ್ಲದಿದ್ದರೆ ಲಿಮಿಟೆಡ್ ಅನ್ನೋದು ಬರೀ ಅಲಂಕಾರ. 1995ರಲ್ಲಿ ಸ್ಟಾರ್ ವಾರ್ಸ್ ಗೊಂಬೆಗಳು ಮತ್ತೆ ಬಂದಾಗ ಅಮೆರಿಕದಲ್ಲಿ ಜನ ಇದೇ ಲೆಕ್ಕ ಹಾಕಿ ರಾಶಿ ರಾಶಿ ಕೊಂಡು ಸೀಲ್ ಸಮೇತ ಇಟ್ಟರು. ಎಲ್ಲರೂ ಇಟ್ಟದ್ದರಿಂದ ಇವತ್ತಿಗೂ ಅವುಗಳಲ್ಲಿ ಹೆಚ್ಚಿನವು ಅಗ್ಗ. ಕೆನ್ನರ್‌ನ ಹಳೆ ಗೊಂಬೆಗಳಿಗೆ ಬೆಲೆ ಬಂದದ್ದೇ ಮಕ್ಕಳು ಅವನ್ನು ಹರಿದು ಕಿತ್ತು ಆಡಿದ್ದರಿಂದ. ಸೈಟಿನ ಆಸೆ ಬಿಟ್ಟು ಡಬ್ಬಿ ಒಡೆಯಲು ಹೇಳಿ.

ಪ್ರಶ್ನೆ: ಫನ್‌ಸ್ಕೂಲ್‌ನ ಹಳೆ ಜಿ.ಐ. ಜೋ ಸೈನಿಕ ಗೊಂಬೆಗಳು ಒಂದು ಚೀಲ ಇವೆ. ಇಂಡಿಯಾದವು ತಾನೇ, ಗುಜರಿಗೆ ಹಾಕಲಾ?
– ಓದುಗರು, ಮಡಗಾಂವ್, ಗೋವಾ

ಉತ್ತರ: ಅಯ್ಯೋ, ಬೇಡ! ಮೂಲ ಕಂಪನಿ ಹ್ಯಾಸ್ಬ್ರೊದ ಅಚ್ಚಿನಲ್ಲೇ ಮಾಡಿದರೂ ಫನ್‌ಸ್ಕೂಲ್ ಬಣ್ಣಗಳನ್ನು ಬದಲಾಯಿಸುತ್ತಿತ್ತು, ಅದಕ್ಕೇ ಹೊರದೇಶದವರು ಇವನ್ನು ಹುಡುಕುತ್ತಾರೆ. ಸೊಂಟ ಕಳಚಿ ಬಿದ್ದಿದ್ದರೆ ಗಾಬರಿ ಬೇಡ, ಒಳಗಿನ ರಬ್ಬರ್ ರಿಂಗ್ ಹಳತಾಗಿ ತುಂಡಾಗಿರುತ್ತದೆ, ಹೊಸದು ಹಾಕಿದರೆ ಸರಿಹೋಗುತ್ತದೆ. ಹೆಬ್ಬೆರಳು ಮುರಿದರೆ ಮಾತ್ರ ಬೆಲೆ ಹೋಯಿತು. ಬಂದೂಕನ್ನು ಕೈಗೆ ಬಲವಾಗಿ ತುರುಕಬೇಡಿ, ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ.