ಆಫರ್ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೇವಾ?

ರಾಜಾಜಿನಗರದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿ ಮನೆ ಹುಡುಕುತ್ತಿದ್ದೀರಿ. ಓನರ್ ಜೊತೆ ಮಾತಿಗೇ ಬಿಡದೆ ಏಜೆಂಟು 'ಮೊದಲು ಆಫರ್ (ಇಷ್ಟು ಬೆಲೆಗೆ, ಈ ಷರತ್ತಿಗೆ ಕೊಳ್ಳುತ್ತೇನೆ ಅನ್ನೋ ಪತ್ರ) ಬರೆದುಕೊಡಿ' ಅಂತಾರೆ, ಸಹಿ ಹಾಕಿದ ಮೇಲೆ ಹಿಂದೆ ಸರಿಯಕ್ಕಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ಎಲ್ಲಿಯವರೆಗೆ ಅನ್ನೋದು ಆ ಕಾಗದದಲ್ಲೇ ಇರುತ್ತೆ.

ನಾನು ಅಲ್ಲೇ ನೆಲೆಸಿದ್ದರೂ ಈಗ ಬಸವನಗುಡಿಯಲ್ಲಿ ಅಪ್ಪನ ಮನೆ ಮಾರುವ ಓಡಾಟದಲ್ಲಿದ್ದೇನೆ. ಇಲ್ಲಿ ಬ್ರೋಕರ್ ಇದ್ದರೂ ಕೊನೆಗೆ ಓನರ್ ಮನೆಯ ಹಾಲ್‌ನಲ್ಲಿ ಕಾಫಿ ಕುಡಿಯುತ್ತಲೇ ರೇಟು ಕುದುರೋದು. ಟೋಕನ್ ಅಡ್ವಾನ್ಸ್ ಕೈ ಬದಲಾದ ಮೇಲೆ ಇಸಿ (ಋಣಭಾರ ಪತ್ರ), ಖಾತಾ, ಮದರ್ ಡೀಡ್ ಎಲ್ಲ ಲಾಯರ್ ಹತ್ತಿರ ಹೋಗುತ್ತವೆ, ಅಗ್ರಿಮೆಂಟು ಆಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಕಾಗದದ ಮೇಲೇ ಚೌಕಾಸಿ. ಮನೆ-ಜಮೀನಿನ ವ್ಯವಹಾರ ಬರಹದಲ್ಲಿರಬೇಕು ಅನ್ನೋ ಕಟ್ಟಳೆ ಇಂಗ್ಲೆಂಡಿನ 1677ರ ಕಾಯ್ದೆಯಿಂದ ಬಂದದ್ದು. ಬಾಯಿಮಾತಿನ ಒಪ್ಪಿಗೆಯನ್ನು ನಂಬಿಕೊಂಡು ಕೂರಬೇಡಿ.

ಏಜೆಂಟಿನ ಜೊತೆಗಿನ ಒಪ್ಪಂದ ಬೇರೆ, ಆಫರ್ ಬೇರೆ. 2024ರ ಆಗಸ್ಟ್ 17ರಿಂದ ಮನೆ ತೋರಿಸುವ ಮೊದಲೇ ಅವರು ನಿಮ್ಮಿಂದ ಲಿಖಿತ ಒಪ್ಪಂದ ಮಾಡಿಸಿಕೊಳ್ಳಬೇಕು. ಅವರ ಕಮಿಷನ್ ಎಷ್ಟು ಅಂತ ಅದರಲ್ಲಿರುತ್ತೆ, ಅದನ್ನೂ ಚೌಕಾಸಿ ಮಾಡಬಹುದು.

ಇನ್ನು ಆಫರ್. ಮಾರುವವರು ಒಪ್ಪಿ ಸಹಿ ಮಾಡಿದ್ದು ನಿಮ್ಮ ಕಡೆಗೆ ತಲುಪುವವರೆಗೂ ಅದನ್ನು ವಾಪಸ್ ತಗೋಬಹುದು. ಅವರು ಒಂದೇ ಸಾಲು ಬದಲಿಸಿ ಕೌಂಟರ್ (ಪ್ರತಿ-ಆಫರ್) ಕಳಿಸಿದರೂ ನಿಮ್ಮ ಮೊದಲ ಆಫರ್ ಅಲ್ಲಿಗೆ ಮುಗಿಯಿತು. ಒಪ್ಪುವುದು ಬಿಡುವುದು ಮತ್ತೆ ನಿಮ್ಮ ಕೈಲಿ.

ಎಲ್ಲರ ಕಣ್ಣೂ ಬೆಲೆಯ ಮೇಲಿರುತ್ತೆ. ನೀವು ದಯವಿಟ್ಟು ಕಂಟಿಂಜೆನ್ಸಿಗಳ, ಅಂದರೆ ಇಂಥದ್ದು ಸರಿಹೋಗದಿದ್ದರೆ ಹೊರಬರುತ್ತೇನೆ ಅನ್ನೋ ಷರತ್ತುಗಳ, ಪುಟ ಓದಿ. ಇನ್‌ಸ್ಪೆಕ್ಷನ್, ಅಪ್ರೈಸಲ್ (ಬ್ಯಾಂಕು ಮಾಡಿಸುವ ಬೆಲೆಯ ಅಂದಾಜು), ಲೋನ್ ಅಂತ ಮೂರು ಮುಖ್ಯವಾದವು. ಅಲ್ಲಿನ ಮಾಮೂಲಿ ಫಾರಂನಲ್ಲಿ ಇವಕ್ಕೆ 17 ದಿನ ಕೊಟ್ಟಿರುತ್ತಾರೆ. ಆ ಅವಧಿಯಲ್ಲಿ ಅಡಿಪಾಯ ಬಿರುಕು ಬಿಟ್ಟಿದೆ ಅಂತ ಗೊತ್ತಾದರೆ, ಅಥವಾ ಬ್ಯಾಂಕು ಸಾಲ ಕೊಡಲ್ಲ ಅಂದರೆ, ಮುಂಗಡ ವಾಪಸ್ ಪಡೆದು ಹೊರಬರಬಹುದು. ಅಪ್ರೈಸಲ್ ವಿಷಯ ಹೊಸಬರಿಗೆ ತಟ್ಟನೆ ಹೊಳೆಯಲ್ಲ: ನೀವು 12 ಲಕ್ಷ ಡಾಲರಿಗೆ ಒಪ್ಪಿ, ಬ್ಯಾಂಕಿನವರ ಲೆಕ್ಕದಲ್ಲಿ ಮನೆ 11.4 ಲಕ್ಷವೇ ಬಾಳಿದರೆ, ಸಾಲ ಸಿಗೋದು 11.4ರ ಲೆಕ್ಕದಲ್ಲಿ. ಆ ಕಂಟಿಂಜೆನ್ಸಿ ಬಳಸಿ ಹೊರಬರದೆ ಮನೆ ಕೊಳ್ಳುವುದಾದರೆ ನಡುವಿನ 60 ಸಾವಿರ ನಿಮ್ಮ ಜೇಬಿಂದಲೇ ಹೋಗಬೇಕು.

ಪೈಪೋಟಿ ಜಾಸ್ತಿ ಇದ್ದಾಗ 'ಕಂಟಿಂಜೆನ್ಸಿ ತೆಗೆದುಬಿಡಿ, ಆಫರ್ ಗಟ್ಟಿಯಾಗುತ್ತೆ' ಅಂತ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಆಮೇಲೆ ಮನಸ್ಸು ಬದಲಾದರೆ, ನಷ್ಟಪರಿಹಾರದ ಕಲಂಗೆ ಇಬ್ಬರೂ ಸಹಿ ಹಾಕಿದ್ದರೆ, ಬೆಲೆಯ ಶೇ. 3ರವರೆಗಿನ ಮುಂಗಡ ಮಾರುವವರ ಪಾಲಾಗಬಹುದು. 12 ಲಕ್ಷಕ್ಕೆ ಅದು 36 ಸಾವಿರ ಡಾಲರ್. ಒಂದು ಮನೆ ತಪ್ಪಿದರೆ ಇನ್ನೊಂದು ಸಿಗುತ್ತೆ. ಹೋದ ಹೊಸದರಲ್ಲಿ ಕೂಡಿಟ್ಟ ದುಡ್ಡು ಹೋದರೆ ಸಂಸಾರ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ತೆಗೆಯಲೇಬೇಕಾದರೆ, ಮಾರುವವರು ಮೊದಲೇ ಕೊಟ್ಟ ರಿಪೋರ್ಟುಗಳನ್ನು ಪೂರ್ತಿ ಓದಿ, ಸಾಧ್ಯವಾದರೆ ನಿಮ್ಮದೇ ಇನ್‌ಸ್ಪೆಕ್ಟರ್‌ನ ಕರೆಸಿ ನೋಡಿದ ಮೇಲೆ ಮಾತ್ರ.

ಆಫರ್ ಜೊತೆ ಕುಟುಂಬದ ಫೋಟೋ, ಪತ್ರ ಬೇಡ. 'ನೀವು ಯಾವ ಜನ' ಅಂತ ಇಲ್ಲಿ ಕೇಳುವ ಹಾಗೆ ಅಲ್ಲಿ ಕೇಳುವಂತಿಲ್ಲ. ಧರ್ಮ, ಜನಾಂಗ, ಮೂಲ ದೇಶ ನೋಡಿ ಮನೆ ಮಾರುವುದನ್ನು 1968ರ ಫೇರ್ ಹೌಸಿಂಗ್ ಕಾಯ್ದೆ ನಿಷೇಧಿಸಿದೆ. ಅದಕ್ಕೇ ಅಂಥ ಪತ್ರ ಎಂದರೆ ಏಜೆಂಟರು ಹಿಂಜರಿಯುತ್ತಾರೆ.

ಮುಂಗಡ ಹೋಗೋದು ಎಸ್ಕ್ರೋಗೆ, ಅಂದರೆ ವ್ಯವಹಾರ ಮುಗಿಯುವವರೆಗೆ ಹಣ ಇಟ್ಟುಕೊಳ್ಳುವ ಮೂರನೆಯವರಿಗೆ, ಓನರ್ ಕೈಗಲ್ಲ. ಹಣ ಕಳಿಸುವ ಮೊದಲು ಎಸ್ಕ್ರೋ ಆಫೀಸಿಗೆ ಫೋನ್ ಮಾಡಿ ಖಾತೆ ಸಂಖ್ಯೆ ಖಚಿತಪಡಿಸಿಕೊಳ್ಳಿ. ಇಮೇಲ್‌ನಲ್ಲಿ ಬಂದ ನಂಬರಿಗೆ ಬೇಡ, ನೀವೇ ಹುಡುಕಿದ ನಂಬರಿಗೆ ಮಾಡಿ. ಸುಳ್ಳು ಇಮೇಲ್ ಕಳಿಸಿ ಹಣ ಹೊಡೆಯುವವರು ಕಾದಿರುತ್ತಾರೆ.

ಏಜೆಂಟು ಫಾರಂ ತುಂಬಿ ಕಳಿಸಿದಾಗ ಡಾಕ್ಯುಸೈನ್‌ನಲ್ಲಿ (ಆನ್‌ಲೈನ್ ಸಹಿಯ ಆ್ಯಪ್) ಒಂದೇ ಸಮ ಒತ್ತಿಕೊಂಡು ಹೋಗಬೇಡಿ. ಅರ್ಥವಾಗದ ಕಲಂ ಇದ್ದರೆ ನನಗೆ ಬರೆಯಿರಿ, ಓದಿ ಹೇಳುತ್ತೇನೆ.